ಗಡಿಯಾರಗಳ ಹೊಂದಾಣಿಕೆ: ಸಮಯದ ಮುದ್ರೆ ಎಲ್ಲಿ ಬೀಳಬೇಕು?

ರಾತ್ರಿ ಪಾಳಿ ಮುಗಿಸಿಕೊಂಡು ಮನೆಗೆ ಹೋಗುವ ಮುನ್ನ ನಮ್ಮ ವಾಚನಾಲಯದಲ್ಲಿ ಅರ್ಧ ಗಂಟೆ ಕುಳಿತು ಪತ್ರಿಕೆ ಓದುವ ಮಿತ್ರರು ಹಲವರಿದ್ದಾರೆ. ಅವರಲ್ಲೊಬ್ಬರು ಕಳೆದ ಮಳೆಗಾಲದಲ್ಲಿ ಒಂದು ದಿನ ಪತ್ರಿಕೆಯನ್ನು ಮುಟ್ಟದೆ, ಕಿಸೆಯಿಂದ ಒಂದು ಮೆಮೋ ತೆಗೆದು ನಮ್ಮ ಮುಂದಿಟ್ಟರು. ಅವರು ಕೆಲಸ ಮಾಡುವುದು ಥಾಣೆ-ಬೇಲಾಪುರ ರಸ್ತೆಯ ಮಗ್ಗುಲಿನಲ್ಲಿ, ಗಣಕಯಂತ್ರಗಳನ್ನು ಸಾಲುಸಾಲಾಗಿ ನಿಲ್ಲಿಸಿರುವ ಒಂದು ದೊಡ್ಡ ಕಟ್ಟಡದಲ್ಲಿ. ಮಹಾಪೆ, ರಬಾಳೆ, ಐರೋಲಿಗಳಲ್ಲಿ ಈಗ ಅಂಥ ಕಟ್ಟಡಗಳು ಅನೇಕ. ಡೇಟಾ ಸೆಂಟರ್ ಎಂದು ಅವುಗಳನ್ನು ಕರೆಯುತ್ತಾರೆ. ಮೆಮೋದಲ್ಲಿದ್ದ ವಿಷಯವಿಷ್ಟು: ಬಾಗಿಲಿನ ದಾಖಲೆಯಂತೆ ಅವರು ರಾತ್ರಿ 2 ಗಂಟೆ 14 ನಿಮಿಷ 20 ಸೆಕೆಂಡಿಗೆ ಯಂತ್ರದ ಕೋಣೆಯನ್ನು ಹೊಕ್ಕಿದ್ದಾರೆ. ಯಂತ್ರದ ದಾಖಲೆಯಂತೆ 2 ಗಂಟೆ 14 ನಿಮಿಷ 42 ಸೆಕೆಂಡಿಗೆ ಒಂದು ಯಂತ್ರ ನಿಂತುಹೋಗಿದೆ. ನಡುವಿನ 22 ಸೆಕೆಂಡಿನಲ್ಲಿ ನೀವು ಮಾಡಿದ್ದೇನು, ಎರಡು ದಿನದೊಳಗೆ ಬರೆದು ಕೊಡತಕ್ಕದ್ದು.

“ಯಂತ್ರ ನಿಂತು ಗಂಟೆ ಹೊಡೆಯಿತೆಂದೇ ನಾನು ಒಳಗೆ ಓಡಿದೆ. ನಾನು ಹೋಗುವ ಮೊದಲೇ ಅದು ನಿಂತಿತ್ತು” ಎಂಬುದು ಅವರ ಮಾತು. ಆದರೆ ಕಾಗದ ಬೇರೆ ಹೇಳುತ್ತಿತ್ತು. ಮನುಷ್ಯನ ಮಾತಿಗೂ ಯಂತ್ರದ ಮಾತಿಗೂ ವ್ಯತ್ಯಾಸ ಬಂದಾಗ ಸಾಹೇಬರು ಯಾವುದನ್ನು ನಂಬುತ್ತಾರೆಂಬುದು ಕಾರಕೂನಿಕೆ ಮಾಡಿದವರಿಗೆಲ್ಲ ತಿಳಿದದ್ದೇ. ಆ ಮೆಮೋದ ಗತಿ ಏನಾಯಿತೆಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು, ಎರಡು ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ಹೊಂದಿಕೊಂಡಿವೆಯೆಂದು ಹೇಗೆ ಗೊತ್ತುಮಾಡುತ್ತಾರೆ ಎಂಬುದನ್ನು ವಿಚಾರಿಸೋಣ.

ಗಡಿಯಾರದ ವಿಷಯವಾಗಿ ದುಡಿಯುವವರಿಗೂ ಆಳುವವರಿಗೂ ಜಗಳವಾದದ್ದು ಈ ಊರಿಗೆ ಹೊಸದಲ್ಲ. 1906ರ ಜನವರಿ 1ರಿಂದ ಹಿಂದುಸ್ತಾನಕ್ಕೆಲ್ಲ ಒಂದೇ ಪ್ರಮಾಣ ಸಮಯವನ್ನು ಜಾರಿಗೆ ತಂದರು. ಅದು ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದು. ಮುಂಬಯಿಯ ಸ್ವಂತ ಸಮಯವಾದರೋ ಗ್ರೀನಿಚ್ಚಿಗಿಂತ 4 ಗಂಟೆ 51 ನಿಮಿಷ ಮಾತ್ರ ಮುಂದು. ಎಂದರೆ 39 ನಿಮಿಷಗಳ ಅಂತರ. ಹೊಸ ಗಡಿಯಾರದ ಪ್ರಕಾರ ಹೊತ್ತಿಗೆ ಸರಿಯಾಗಿ ಗಿರಣಿಗೆ ಹೋಗಬೇಕಾದರೆ ಕೂಲಿಯವನು ಸೂರ್ಯನ ಲೆಕ್ಕದಲ್ಲಿ 39 ನಿಮಿಷ ಮುಂಚೆ ಏಳಬೇಕು. ಆ ಜನವರಿಯಲ್ಲೇ ಸಾವಿರಾರು ಮಂದಿ ಗಿರಣಿ ಕೆಲಸಗಾರರು ಮಗ್ಗ ನಿಲ್ಲಿಸಿ ಹೊರಗೆ ಬಂದರು, ಕಲ್ಲುಗಳೂ ಬಿದ್ದವು. ಊರಿನ ಗಣ್ಯರೂ ಒಪ್ಪಲಿಲ್ಲ. ಮುಂಬಯಿಯಲ್ಲಿ ‘ಬಾಂಬೆ ಟೈಮ್’ ಎಂಬುದು ಸ್ವಾತಂತ್ರ್ಯ ಬಂದ ಮೇಲೂ ಉಳಿದು, 1955ರಲ್ಲಿ ಕೊನೆಗೊಂಡಿತು. ಆಗ ಜಗಳ 39 ನಿಮಿಷಗಳದು. ಈಗ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನವರೆಗೆ ಇಳಿದಿದೆ.

ಅಷ್ಟು ಸೂಕ್ಷ್ಮ ಯಾರಿಗೆ ಬೇಕು ಎಂದು ಕೇಳಬಹುದು. ನಮ್ಮ ಕೈಯ ಮೊಬೈಲಿಗೇ ಬೇಕು. ಐದನೆಯ ಪೀಳಿಗೆಯ ಮೊಬೈಲ್ ಗೋಪುರಗಳು ಒಂದೇ ತರಂಗದ ಮೇಲೆ ಸರದಿಯಂತೆ ಮಾತನಾಡುತ್ತವೆ, ಕೇಳುತ್ತವೆ. ನೆರೆಹೊರೆಯ ಗೋಪುರಗಳ ಗಡಿಯಾರಗಳು ಪ್ರಮಾಣ ಸಮಯದಿಂದ ಒಂದೂವರೆ ಮೈಕ್ರೋಸೆಕೆಂಡಿಗಿಂತ ಹೆಚ್ಚು ತಪ್ಪಿದರೆ, ಒಬ್ಬನು ಕೇಳುವ ಹೊತ್ತಿಗೆ ಮತ್ತೊಬ್ಬನು ಕೂಗಿದಂತಾಗುತ್ತದೆ. ಮೈಕ್ರೋಸೆಕೆಂಡೆಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು. ಅಷ್ಟರಲ್ಲಿ ಬೆಳಕು 300 ಮೀಟರು ಮಾತ್ರ ಹೋಗುತ್ತದೆ. ಯುರೋಪಿನ ಶೇರು ಪೇಟೆಗಳಲ್ಲಿ ಅತಿ ವೇಗದ ವ್ಯಾಪಾರ ಮಾಡುವವರ ಗಡಿಯಾರಗಳು 100 ಮೈಕ್ರೋಸೆಕೆಂಡಿಗಿಂತ ಹೆಚ್ಚು ತಪ್ಪಬಾರದೆಂದು 2018ರ ಜನವರಿಯಿಂದ ಕಾನೂನಿದೆ. ಯಾರ ಬೇಡಿಕೆ ಮೊದಲು ಬಂದಿತೆಂಬುದು ಅಲ್ಲಿ ಹಣದ ಪ್ರಶ್ನೆ. ವಿದ್ಯುತ್ತಿನ ಜಾಲಗಳ ಮಾತೂ ಇದೇ. 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಾದ ದೊಡ್ಡ ಭಾಗ ಕತ್ತಲಾದಾಗ, ಯಾವ ತಂತಿ ಮೊದಲು ಕಡಿಯಿತು, ಯಾವುದು ಆಮೇಲೆ ಎಂದು ಗೊತ್ತುಮಾಡುವುದೇ ತನಿಖೆಯವರಿಗೆ ದೊಡ್ಡ ಕೆಲಸವಾಯಿತು. ಏಕೆಂದರೆ ಅನೇಕ ದಾಖಲೆಯಂತ್ರಗಳ ಗಡಿಯಾರಗಳು ಒಂದಕ್ಕೊಂದು ಹೊಂದಿರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ: ನಮ್ಮ ಮಿತ್ರರ ಮೆಮೋದ ಪ್ರಶ್ನೆಯೂ ಅದೇ.

ಇನ್ನು ಪಾಠಕ್ಕೆ ಬರೋಣ. ಪ್ರತಿಯೊಂದು ಗಣಕಯಂತ್ರದೊಳಗೂ ಸ್ಫಟಿಕದ ಒಂದು ಚೂರು ಮಿಡಿಯುತ್ತಿರುತ್ತದೆ. ಆ ಮಿಡಿತಗಳನ್ನು ಎಣಿಸುವುದೇ ಅದರ ಗಡಿಯಾರ. ಅಗ್ಗದ ಸ್ಫಟಿಕವು ಹತ್ತು ಲಕ್ಷ ಮಿಡಿತಕ್ಕೆ ಇಪ್ಪತ್ತು ಮಿಡಿತ ತಪ್ಪಿತೆನ್ನಿ. ದಿನಕ್ಕೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಸೆಕೆಂಡಿನ ತಪ್ಪಾಯಿತು. ಕೋಣೆಯ ಸೆಕೆ ಏರಿದರೆ, ಇಳಿದರೆ ಅದರ ನಡೆಯೂ ಬದಲಾಗುತ್ತದೆ. ಆದಕಾರಣ ಒಂದು ಒಳ್ಳೆಯ ಗಡಿಯಾರವನ್ನು ಯಜಮಾನನನ್ನಾಗಿ ಇಟ್ಟುಕೊಂಡು, ಉಳಿದವು ಮತ್ತೆ ಮತ್ತೆ ಅದನ್ನು ಕೇಳಿ ತಮ್ಮನ್ನು ತಿದ್ದಿಕೊಳ್ಳಬೇಕು. ಕೇಳುವುದು ತಂತಿಯ ಮೂಲಕ, ಪ್ಯಾಕೆಟ್ ಎಂದು ಕರೆಯುವ ಸುದ್ದಿಯ ಸಣ್ಣ ಲಕೋಟೆಗಳ ಮೂಲಕ. ತೊಡಕು ಇಲ್ಲಿಯೇ ಇದೆ. “ಈಗ ಗಂಟೆ ಹತ್ತು” ಎಂದು ಬರೆದ ಲಕೋಟೆ ಕೈಗೆ ಬರುವಾಗ ಗಂಟೆ ಹತ್ತಾಗಿರುವುದಿಲ್ಲ. ದಾರಿಯಲ್ಲಿ ಸ್ವಲ್ಪ ಹೊತ್ತು ಕಳೆದಿರುತ್ತದೆ. ಎಷ್ಟು ಕಳೆಯಿತು?

ನಮ್ಮ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ವಾಶಿಯಲ್ಲಿ ಒಂದು ಕಚೇರಿ, ಥಾಣೆಯಲ್ಲಿ ಅದರ ಶಾಖೆ. ಟಪಾಲು ಹುಡುಗನು ಲೋಕಲ್ ಗಾಡಿಯಲ್ಲಿ ಹೋಗಿಬರುತ್ತಾನೆ. ದಾರಿ ಎಷ್ಟು ಹೊತ್ತಿನದೆಂದು ಯಾರಿಗೂ ತಿಳಿಯದು ಎಂದಿಟ್ಟುಕೊಳ್ಳಿ. ವಾಶಿಯ ಗಡಿಯಾರ 10-00 ತೋರಿಸುವಾಗ ಹುಡುಗ ಹೊರಟ. ಥಾಣೆಗೆ ಮುಟ್ಟಿದಾಗ ಅಲ್ಲಿಯ ಗಡಿಯಾರ 10-35 ತೋರಿಸುತ್ತಿತ್ತು. ಅಲ್ಲಿಂದ ಅಲ್ಲಿಯ ಗಡಿಯಾರದ 10-40ಕ್ಕೆ ಹೊರಟ. ವಾಶಿಗೆ ಬಂದಾಗ ವಾಶಿಯ ಗಡಿಯಾರ 11-05. ಹೋಗುವಾಗ 35 ನಿಮಿಷ, ಬರುವಾಗ 25 ನಿಮಿಷ ಕಾಣುತ್ತದೆ. ದಾರಿಯು ಎರಡು ಕಡೆಗೂ ಸಮವಾಗಿದ್ದರೆ ಈ ವ್ಯತ್ಯಾಸಕ್ಕೆ ಕಾರಣ ಗಡಿಯಾರಗಳೇ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ದಾರಿಯ ಹೊತ್ತು 30 ನಿಮಿಷ. ಒಂದರಿಂದೊಂದನ್ನು ಕಳೆದು ಅರ್ಧ ಮಾಡಿದರೆ 5 ನಿಮಿಷ; ಥಾಣೆಯ ಗಡಿಯಾರ ಅಷ್ಟು ಮುಂದಿದೆ. ನಾಲ್ಕು ಸಮಯಗಳನ್ನು ಬರೆದಿಟ್ಟುಕೊಂಡರೆ ಸಾಕು, ದಾರಿಯೂ ತಿಳಿಯಿತು, ತಪ್ಪೂ ತಿಳಿಯಿತು. ವಾಚಕರು ಕಾಗದ-ಪೆನ್ಸಿಲು ಹಿಡಿದು ಈ ಲೆಕ್ಕವನ್ನು ತಾವೇ ಒಮ್ಮೆ ಮಾಡಿ ನೋಡಬೇಕು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಅಮೆರಿಕದ ಡೇವಿಡ್ ಮಿಲ್ಸ್ ಎಂಬ ವಿದ್ವಾಂಸರು ಇದೇ ತತ್ತ್ವದ ಮೇಲೆ ಎನ್‌ಟಿಪಿ ಎಂಬ ಪದ್ಧತಿಯನ್ನು ಕಟ್ಟಿ 1985ರಲ್ಲಿ ಪ್ರಕಟಿಸಿದರು. ಹುಟ್ಟಿನಿಂದಲೇ ಅವರಿಗೆ ಕಣ್ಣಿನ ಬೇನೆ. ಮುಂದೆ ದೃಷ್ಟಿ ಪೂರ್ತಿ ಹೋದರೂ ಕೆಲಸ ಬಿಡಲಿಲ್ಲ. 2024ರ ಜನವರಿಯಲ್ಲಿ ತೀರಿಕೊಂಡರು. ಜಗತ್ತಿನ ಗಣಕಯಂತ್ರಗಳಲ್ಲಿ ಬಹುಪಾಲು ಇಂದಿಗೂ ಅವರ ಪದ್ಧತಿಯಿಂದಲೇ ಹೊತ್ತು ತಿಳಿಯುತ್ತವೆ. ಆದರೆ ಅದರ ನಿಖರತೆ ಸಾಮಾನ್ಯವಾಗಿ ಸೆಕೆಂಡಿನ ಸಾವಿರದ ಕೆಲವು ಪಾಲುಗಳಷ್ಟು. ಒಂದೇ ಕಟ್ಟಡದೊಳಗೆ ಅದಕ್ಕಿಂತ ಉತ್ತಮ. ಬ್ಯಾಂಕಿನ ಪುಸ್ತಕಕ್ಕೆ, ರೈಲಿನ ಟಿಕೇಟಿಗೆ ಅದು ಧಾರಾಳವಾಯಿತು. ಮೊಬೈಲಿನ ಗೋಪುರಕ್ಕೆ ಸಾಲದು.

ಏಕೆ ಸಾಲದು? ಲೆಕ್ಕದಲ್ಲಿ ತಪ್ಪಿಲ್ಲ, ಮುದ್ರೆ ಹಾಕುವ ಸ್ಥಳದಲ್ಲಿ ತಪ್ಪಿದೆ. ನಮ್ಮ ಕಾರಕೂನ ಬಂಧುಗಳಿಗೆ ಆವಕ ವಹಿಯ ಅನುಭವ ಚೆನ್ನಾಗಿ ಉಂಟು. ಟಪಾಲು ಹತ್ತಕ್ಕೆ ಗೇಟಿಗೆ ಬಂದಿರುತ್ತದೆ. ಗೇಟಿನಿಂದ ಜವಾನನ ಕೈಗೆ, ಅವನಿಂದ ಮೇಜಿನ ಮೇಲಿನ ರಾಶಿಗೆ. ಆವಕದ ಕಾರಕೂನರು ಆಗ ಬೇರೊಂದು ಕೆಲಸದಲ್ಲಿರುತ್ತಾರೆ, ಇಲ್ಲವೆ ಚಹಕ್ಕೆ ಹೋಗಿರುತ್ತಾರೆ. ಬಂದು, ರಾಶಿಯನ್ನು ಬಿಡಿಸಿ ಮುದ್ರೆ ಹೊಡೆಯುವಾಗ ಹನ್ನೊಂದೂಕಾಲು. ಮುದ್ರೆಯಲ್ಲಿ ಬೀಳುವುದು ಕಾಗದ ಬಂದ ಹೊತ್ತಲ್ಲ, ಕಾರಕೂನರಿಗೆ ಬಿಡುವಾದ ಹೊತ್ತು. ಇಂದು ಒಂದು ಗಂಟೆ ತಡ, ನಾಳೆ ಹತ್ತು ನಿಮಿಷ ತಡ. ಪ್ರತಿದಿನವೂ ಒಂದೇ ತಡವಾಗಿದ್ದರೆ ಕಳೆದುಬಿಡಬಹುದಿತ್ತು, ಏರುಪೇರಾಗುವುದರಿಂದಲೇ ಫಜೀತಿ.

ಗಣಕಯಂತ್ರದೊಳಗೆ ನಡೆಯುವುದು ಅಕ್ಷರಶಃ ಇದೇ. ತಂತಿ ಬಂದು ಸೇರುವುದು ನೆಟ್‌ವರ್ಕ್ ಕಾರ್ಡಿಗೆ. ಪ್ಯಾಕೆಟ್ ಅಲ್ಲಿಗೆ ಮುಟ್ಟಿದಾಗ ಕಾರ್ಡು ಮುಖ್ಯ ಪ್ರೊಸೆಸರನ್ನು ಕರೆಯುತ್ತದೆ; ಈ ಕರೆಗೆ ಇಂಟರಪ್ಟ್ ಎನ್ನುತ್ತಾರೆ. ಪ್ರೊಸೆಸರು ಇನ್ನೊಂದು ಕೆಲಸದಲ್ಲಿ ಮಗ್ನವಾಗಿರಬಹುದು. ಅನೇಕ ಕಾರ್ಡುಗಳು ಪದೇಪದೇ ಕರೆಯುವುದು ಬೇಡವೆಂದು ನಾಲ್ಕಾರು ಪ್ಯಾಕೆಟ್ಟುಗಳನ್ನು ಕೂಡಿಹಾಕಿ ಒಮ್ಮೆ ಕರೆಯುತ್ತವೆ. ಅಲ್ಲಿಂದ ಮುಂದೆ ಆಪರೇಟಿಂಗ್ ಸಿಸ್ಟಮ್ಮಿನ ಸರದಿ, ಕೊನೆಗೆ ಹೊತ್ತು ಬರೆದುಕೊಳ್ಳುವ ಸಾಫ್ಟ್‌ವೇರಿನ ಸರದಿ. ಹೀಗೆ ಹತ್ತಾರು, ಕೆಲವೊಮ್ಮೆ ನೂರಾರು ಮೈಕ್ರೋಸೆಕೆಂಡುಗಳು ವ್ಯರ್ಥವಾಗುತ್ತವೆ, ಅದೂ ಪ್ರತಿಸಲ ಬೇರೆ ಬೇರೆ.

ಇದರ ಫಲವೇನೆಂದು ಹಿಂದಿನ ಲೆಕ್ಕದಲ್ಲೇ ನೋಡಿರಿ. ಹುಡುಗ ಥಾಣೆಗೆ ಮುಟ್ಟಿದ್ದು 10-35ಕ್ಕೇ. ಕಾರಕೂನರು ಮುದ್ರೆ ಹಾಕಿದ್ದು 10-47ಕ್ಕೆ. ಉಳಿದ ಮೂರು ಸಮಯಗಳು ಹಾಗೆಯೇ ಇರಲಿ. ಹುಡುಗನನ್ನು 10-40ಕ್ಕೇ ವಾಪಸು ಕಳಿಸಿದ್ದರು, ಲಕೋಟೆ ಮಾತ್ರ ಮೇಜಿನ ಮೇಲೆ ಬಿದ್ದಿತ್ತು. ಈಗ ಹೋಗುವಾಗ 47, ಬರುವಾಗ 25. ವ್ಯತ್ಯಾಸದ ಅರ್ಧ 11 ನಿಮಿಷ. ಗಡಿಯಾರ 5 ನಿಮಿಷ ಮಾತ್ರ ಮುಂದಿದ್ದರೂ 11 ನಿಮಿಷ ಹಿಂದಕ್ಕೆ ತಿರುಗಿಸುತ್ತಾರೆ; ಸರಿಮಾಡಲು ಹೋಗಿ 6 ನಿಮಿಷ ಹಿಂದಾಯಿತು. ಹನ್ನೆರಡು ನಿಮಿಷದ ಆಲಸ್ಯದಲ್ಲಿ ಸರಿಯಾಗಿ ಅರ್ಧ ಗಡಿಯಾರದೊಳಗೆ ಹೊಕ್ಕಿತು.

ಇದಕ್ಕೆ ಉಪಾಯವನ್ನು ಗೇಟಿನ ಕಾವಲುಗಾರನೂ ಹೇಳಿಯಾನು: ಮುದ್ರೆಯನ್ನು ಮೇಜಿನಿಂದ ತೆಗೆದು ಗೇಟಿಗೆ ಕೊಡಿ. ನಮ್ಮ ವಾಶಿಯ ಎಪಿಎಂಸಿ ಪೇಟೆಯಲ್ಲಿ ಈರುಳ್ಳಿಯ ಲಾರಿ ಬಂದ ಹೊತ್ತು ಗೇಟಿನ ಚೀಟಿಯ ಮೇಲಿರುತ್ತದೆ, ದಲಾಲರ ಗದ್ದಿಯಲ್ಲಿ ಲೆಕ್ಕ ಬರೆದ ಹೊತ್ತು ಬೇರೆ. ಇದೇ ಉಪಾಯಕ್ಕೆ ಹಾರ್ಡ್‌ವೇರ್ ಟೈಮ್‌ಸ್ಟ್ಯಾಂಪಿಂಗ್ ಎಂಬ ದೊಡ್ಡ ಹೆಸರು. ಕಾರ್ಡಿನೊಳಗೇ, ತಂತಿ ಸೇರುವ ಬಾಗಿಲ ಬಳಿಯಲ್ಲೇ, ಒಂದು ಸ್ವತಂತ್ರ ಗಡಿಯಾರವನ್ನು ಇಡುತ್ತಾರೆ. ಪ್ರತಿ ಪ್ಯಾಕೆಟ್ಟಿನ ಮೊದಲಿಗೆ “ಇಲ್ಲಿಂದ ಸುದ್ದಿ ಪ್ರಾರಂಭ” ಎಂದು ಸೂಚಿಸುವ ಒಂದು ಗುರುತು ಬರುತ್ತದೆ. ಆ ಗುರುತು ಬಾಗಿಲು ದಾಟಿದೊಡನೆ ವಿದ್ಯುತ್ ಮಂಡಲವೇ ಗಡಿಯಾರದ ಅಂಕಿಯನ್ನು ಹಿಡಿದಿಟ್ಟುಬಿಡುತ್ತದೆ. ಪ್ರೊಸೆಸರು ಬಿಡುವಾದಾಗ ಬಂದು ಆ ಅಂಕಿಯನ್ನು ಓದಿಕೊಳ್ಳಲಿ. ಎಷ್ಟು ತಡವಾದರೂ ಚಿಂತೆಯಿಲ್ಲ, ಮುದ್ರೆ ಆಗಲೇ ಬಿದ್ದಾಗಿದೆ. ಮೈಕ್ರೋಸೆಕೆಂಡುಗಳ ತಪ್ಪು ಇದರಿಂದ ನ್ಯಾನೋಸೆಕೆಂಡುಗಳಿಗೆ, ಎಂದರೆ ಅದರ ಸಾವಿರದ ಪಾಲುಗಳಿಗೆ ಇಳಿಯುತ್ತದೆ. ಹೀಗೆ ಮುದ್ರೆ ಹಾಕಿ ಗಡಿಯಾರಗಳನ್ನು ಹೊಂದಿಸುವ ಪದ್ಧತಿಗೆ ಪಿಟಿಪಿ ಎಂದು ಹೆಸರು. ಐಇಇಇ ಎಂಬ ಸಂಸ್ಥೆ 1588ನೆಯ ಸಂಖ್ಯೆಯ ಪ್ರಮಾಣವಾಗಿ ಇದನ್ನು 2002ರಲ್ಲಿ ಪ್ರಕಟಿಸಿ, 2008ರಲ್ಲಿಯೂ 2019ರಲ್ಲಿಯೂ ಪರಿಷ್ಕರಿಸಿತು. ಇದರ ಹಿಂದೆ ಮುಖ್ಯವಾಗಿ ದುಡಿದವರು ಜಾನ್ ಐಡ್ಸನ್.

ಬರುವ ಲಕೋಟೆಗೆ ಮುದ್ರೆ ಸುಲಭ. ಹೋಗುವ ಲಕೋಟೆಯ ಪಾಡು ಹಾಗಲ್ಲ. ಲಕೋಟೆಯೊಳಗಿನ ಕಾಗದದಲ್ಲಿ “ಇದು ಇಂಥ ಹೊತ್ತಿಗೆ ಗೇಟು ದಾಟಿತು” ಎಂದು ಬರೆಯಬೇಕು, ಆದರೆ ಗೇಟು ದಾಟುವವರೆಗೆ ಹೊತ್ತೇ ಗೊತ್ತಿಲ್ಲ, ದಾಟಿದ ಮೇಲೆ ಕಾಗದ ಕೈಯಲ್ಲಿಲ್ಲ! ಇದಕ್ಕೆ ಎರಡು ದಾರಿಗಳಿವೆ. ಮೊದಲ ಲಕೋಟೆಯನ್ನು ಕಳಿಸಿ, ಅದು ದಾಟಿದ ಹೊತ್ತನ್ನು ನೋಡಿಕೊಂಡು, ಹಿಂದಿನಿಂದಲೇ “ಮೊದಲಿನದು ಹೊರಟದ್ದು ಇಷ್ಟು ಹೊತ್ತಿಗೆ” ಎಂದು ಎರಡನೆಯ ಚೀಟಿ ಕಳಿಸುವುದು ಒಂದು. ಲಕೋಟೆ ಬಾಗಿಲು ದಾಟುತ್ತಿರುವಾಗಲೇ, ಅದರ ತಲೆ ಹೊರಗೆ ಹೋಗಿ ಬಾಲ ಒಳಗಿರುವಾಗಲೇ, ಹೊತ್ತನ್ನು ಅದರೊಳಗೆ ತುಂಬಿಬಿಡುವುದು ಇನ್ನೊಂದು. ಎರಡನೆಯದಕ್ಕೆ ಹೆಚ್ಚಿನ ಕೌಶಲದ ಕಾರ್ಡು ಬೇಕು. ನಮಗಂತೂ ಮೊದಲನೆಯದೇ ಸರಳವಾಗಿ ಕಾಣುತ್ತದೆ.

ಗೇಟಿನ ಮುದ್ರೆಯೊಂದರಿಂದ ಎಲ್ಲವೂ ಸರಿಹೋಗುವುದಿಲ್ಲ. ನಡುದಾರಿಯಲ್ಲಿ ಸ್ವಿಚ್ ಎಂಬ ಜಂಕ್ಷನ್ನುಗಳು ಬರುತ್ತವೆ. ದಟ್ಟಣೆಯಿದ್ದರೆ ಪ್ಯಾಕೆಟ್ ಅಲ್ಲಿ ಸಾಲಿನಲ್ಲಿ ಕಾಯಬೇಕು, ತುರ್ಭೆಯಲ್ಲಿ ಸಿಗ್ನಲ್ಲಿಗೆ ಗಾಡಿ ಕಾಯುವಂತೆ. ಪಿಟಿಪಿ ತಿಳಿದ ಸ್ವಿಚ್ಚಾದರೆ ಪ್ಯಾಕೆಟ್ ಒಳಗೆ ಬಂದ ಹೊತ್ತನ್ನೂ ಹೊರಗೆ ಹೋದ ಹೊತ್ತನ್ನೂ ತಾನೇ ಅಳೆದು, “ನನ್ನಲ್ಲಿ ಇಷ್ಟು ತಡ” ಎಂದು ಲಕೋಟೆಯ ಬೆನ್ನಮೇಲೆ ಬರೆದುಕೊಡುತ್ತದೆ. ಕೊನೆಯವನು ಅದನ್ನು ಕಳೆದುಕೊಳ್ಳುತ್ತಾನೆ. ಅಂಥ ಸ್ವಿಚ್ಚು ಇಲ್ಲದ ಜಾಲದಲ್ಲಿ ಎರಡು ತುದಿಗಳಿಗೆ ಮಾತ್ರ ಬೆಲೆಬಾಳುವ ಕಾರ್ಡು ಕೂಡಿಸಿದರೆ ಅರ್ಧ ಹಣ ನೀರಿಗೆ ಹಾಕಿದಂತೆಯೇ ಸರಿ.

ಇನ್ನೊಂದು ದೋಷವಂತೂ ಯಾವ ಮುದ್ರೆಗೂ ಜಗ್ಗುವುದಿಲ್ಲ. ಹುಡುಗ ಗಾಡಿಯಲ್ಲಿ 30 ನಿಮಿಷಕ್ಕೆ ಹೋಗಿ, ಬಸ್ಸಿನಲ್ಲಿ 50 ನಿಮಿಷಕ್ಕೆ ಬಂದನೆನ್ನಿ. ಹೋಗುವಾಗ ಕಾಣುವುದು 35, ಬರುವಾಗ ಕಾಣುವುದು 45. ಲೆಕ್ಕ ಹಾಕಿದರೆ 5 ನಿಮಿಷ ಮುಂದಿರುವ ಥಾಣೆಯ ಗಡಿಯಾರ 5 ನಿಮಿಷ ಹಿಂದಿದೆಯೆಂದು ಬರುತ್ತದೆ! ನಾಲ್ಕೂ ಮುದ್ರೆಗಳು ಸತ್ಯ, ಉತ್ತರ ಸುಳ್ಳು. ಹೋಗುವ ಮತ್ತು ಬರುವ ದಾರಿ ಸಮವೆಂದು ನಾವು ಮೊದಲೇ ಒಪ್ಪಿಕೊಂಡಿದ್ದೆವಲ್ಲ, ಅಲ್ಲೇ ತಪ್ಪು ಅಡಗಿತ್ತು. ಗಾಜಿನ ತಂತಿಯಲ್ಲಿ ಬೆಳಕಿಗೆ ಒಂದು ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡು ಬೇಕು. ಹೋಗುವ ತಂತಿಗಿಂತ ಬರುವ ತಂತಿ ನೂರು ಮೀಟರು ಉದ್ದವಾದರೆ 500 ನ್ಯಾನೋಸೆಕೆಂಡಿನ ವ್ಯತ್ಯಾಸ, ಅದರರ್ಧ 250 ಗಡಿಯಾರದಲ್ಲಿ ತಪ್ಪಾಗಿ ಕೂತುಬಿಡುತ್ತದೆ. ಅದನ್ನು ತಂತಿ ಎಳೆದವರನ್ನು ಕೇಳಿಯೋ ಅಳೆದೋ ತಿಳಿಯಬೇಕೇ ಹೊರತು ಲೆಕ್ಕದಿಂದ ತಿಳಿಯದು.

ಯಜಮಾನ ಗಡಿಯಾರಕ್ಕೆ ಹೊತ್ತು ಹೇಳುವವರು ಯಾರು? ನಮ್ಮ ದೇಶದ ಪ್ರಮಾಣ ಸಮಯವನ್ನು ಇಟ್ಟುಕೊಂಡಿರುವುದು ಹೊಸದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅಲ್ಲಿಯ ಪರಮಾಣು ಗಡಿಯಾರಗಳು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ 2013ರ ಮೇ ತಿಂಗಳಲ್ಲಿ ಪ್ರಾರಂಭವಾದ ಇಸ್ರೋದ ಕೇಂದ್ರವು ನಾವಿಕ್ ಉಪಗ್ರಹಗಳ ಸಮಯವನ್ನು ನೋಡಿಕೊಳ್ಳುತ್ತದೆ. ಮೊದಲ ನಾವಿಕ್ ಉಪಗ್ರಹದಲ್ಲಿ ಹೊರದೇಶದಿಂದ ತಂದು ಕೂಡಿಸಿದ್ದ ಮೂರು ಪರಮಾಣು ಗಡಿಯಾರಗಳೂ ಕೆಟ್ಟ ಸುದ್ದಿ 2017ರ ಜನವರಿಯಲ್ಲಿ ಹೊರಬಂತು. 2023ರ ಮೇ 29ರಂದು ಹಾರಿಸಿದ ಉಪಗ್ರಹದಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರ ಮೊದಲ ಬಾರಿಗೆ ಮೇಲೆ ಹೋಯಿತು. ಡೇಟಾ ಸೆಂಟರುಗಳ ಮಾಳಿಗೆಯ ಮೇಲಿನ ಆಂಟೆನಾ ಉಪಗ್ರಹಗಳಿಂದ ಹೊತ್ತು ಕೇಳಿ, ಕೆಳಗಿನ ಯಜಮಾನ ಗಡಿಯಾರಕ್ಕೆ ಮುಟ್ಟಿಸುತ್ತದೆ. ದಿಲ್ಲಿಯ ಸಮಯವನ್ನು ಬೆಂಗಳೂರೂ ಸೇರಿದಂತೆ ಐದು ಊರುಗಳ ಅಳತೆ ಪ್ರಯೋಗಾಲಯಗಳ ಮೂಲಕ ಹಂಚುವ ಯೋಜನೆಯನ್ನೂ ಸರ್ಕಾರ ಕೈಗೊಂಡಿತು. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ಆಜ್ಞೆಯಂತೆ ಡೇಟಾ ಸೆಂಟರುಗಳೂ ಕಂಪನಿಗಳೂ ತಮ್ಮ ಗಡಿಯಾರಗಳನ್ನು ಸರ್ಕಾರದ ಸಮಯಕ್ಕೆ, ಇಲ್ಲವೆ ಅದಕ್ಕೆ ಹೊಂದಿದ ಗಡಿಯಾರಕ್ಕೆ, ಕೂಡಿಸಿಕೊಳ್ಳಬೇಕು.

ಈಗ ಮೆಮೋದ ಕಥೆ. ನಮ್ಮ ಮಿತ್ರರ ಕಟ್ಟಡದಲ್ಲಿ ಬಾಗಿಲಿನ ಯಂತ್ರಕ್ಕೆ ಹೊತ್ತು ಹೇಳುತ್ತಿದ್ದದ್ದು ಹಳೆಯ ಎನ್‌ಟಿಪಿ. ನಿಂತುಹೋದ ಯಂತ್ರಕ್ಕೆ ಹೊಸ ಕಾರ್ಡು ಹಾಕಿ ಪಿಟಿಪಿಗೆ ಕೂಡಿಸಿದ್ದರು. ಕಾರ್ಡಿನ ಗಡಿಯಾರ ಬೇರೆ, ಯಂತ್ರದ ಸ್ವಂತ ಗಡಿಯಾರ ಬೇರೆ. ಗೇಟಿನ ಗಡಿಯಾರ ನೋಡಿ ಕಚೇರಿಯ ಗೋಡೆಯ ಗಡಿಯಾರವನ್ನು ಯಾರಾದರೂ ತಿರುಗಿಸಬೇಕಷ್ಟೆ. ಅಲ್ಲೊಂದು ಗುಟ್ಟಿದೆ. ಪಿಟಿಪಿ ಎಣಿಸುವುದು ಪರಮಾಣು ಗಡಿಯಾರಗಳ ಅಖಂಡ ಸಮಯವನ್ನು. ನಾವು ಬಾಳುವ ಸಮಯಕ್ಕಾದರೋ ಭೂಮಿಯ ತಿರುಗುವಿಕೆಗೆ ಹೊಂದಲೆಂದು 1972ರಿಂದ ಆಗಾಗ ಒಂದೊಂದು ಸೆಕೆಂಡು ಸೇರಿಸುತ್ತ ಬಂದಿದ್ದಾರೆ. ಆರಂಭದಲ್ಲೇ 10 ಸೆಕೆಂಡಿನ ಅಂತರವಿತ್ತು, ಅನಂತರ 27 ಕೂಡಿತು. 2017ರ ಜನವರಿ 1ರಿಂದ ಅಂತರ 37 ಸೆಕೆಂಡು. ಕಾರ್ಡಿನಿಂದ ಯಂತ್ರಕ್ಕೆ ಹೊತ್ತು ಕೊಡುವಾಗ ಈ 37ನ್ನು ಕಳೆಯಬೇಕು. ಆ ಯಂತ್ರವನ್ನು ಹೊಂದಿಸಿದವರು ಕಳೆದಿರಲಿಲ್ಲ.

ಮೆಮೋಕ್ಕೆ ಉತ್ತರ ಬರೆಯಲು ಕುಳಿತಾಗ ನಾವು ಅವರಿಗೆ ಹೇಳಿದ್ದು ಇಷ್ಟೇ: “ನಾನು ಮಾಡಿಲ್ಲ ಎಂದು ಬರೆಯಬೇಡಿ. ಎರಡೂ ಗಡಿಯಾರಗಳನ್ನು ಒಟ್ಟಿಗೆ ಇಟ್ಟು ನೋಡಿರೆಂದು ಕೇಳಿಕೊಳ್ಳಿ.” ಅಲ್ಲಿಯ ಎಂಜಿನಿಯರರೊಬ್ಬರು ಸಜ್ಜನರು, ಎರಡು ತೆರೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಅಂತರ ಸರಿಯಾಗಿ 37. ಎಂದರೆ ಯಂತ್ರ ನಿಂತದ್ದು 2 ಗಂಟೆ 14 ನಿಮಿಷ 5 ಸೆಕೆಂಡಿಗೆ, ನಮ್ಮ ಮಿತ್ರರು ಒಳಗೆ ಹೋದದ್ದು ಅದಾದ 15 ಸೆಕೆಂಡಿನ ಮೇಲೆ. ನ್ಯಾನೋಸೆಕೆಂಡಿನಷ್ಟು ನಿಖರವಾದ ಮುದ್ರೆ ಬಿದ್ದ ಯಂತ್ರವೇ 37 ಸೆಕೆಂಡು ತಪ್ಪು ಸಾಕ್ಷಿ ಹೇಳಿತ್ತು! ಮೆಮೋ ವಾಪಸಾಯಿತು. ಆ ವಾರ ತಡೆಹಿಡಿದಿದ್ದ ಎರಡು ದಿನದ ಪಗಾರ ಮುಂದಿನ ತಿಂಗಳಲ್ಲಿ ಕೈಸೇರಿತು.

ಇಂಥ ಕಟ್ಟಡಗಳಲ್ಲಿ ಕೆಲಸಕ್ಕಿರುವ ಯುವಕರು ತಮ್ಮ ಯಂತ್ರದ ಕಾರ್ಡಿಗೆ ಈ ಸಾಮರ್ಥ್ಯ ಉಂಟೋ ಇಲ್ಲವೋ ನೋಡಬಹುದು. ಲಿನಕ್ಸ್ ಇರುವ ಯಂತ್ರದಲ್ಲಿ ಈಥ್‌ಟೂಲ್ ಎಂಬ ಆಜ್ಞೆಯ ಮುಂದೆ ಒಂದು ಅಡ್ಡಗೆರೆ, ದೊಡ್ಡಕ್ಷರದ ‘ಟಿ’, ಆಮೇಲೆ ಕಾರ್ಡಿನ ಹೆಸರು ಬರೆದರೆ ಸಾಕು. ಹಾರ್ಡ್‌ವೇರ್ ಟ್ರಾನ್ಸ್‌ಮಿಟ್, ಹಾರ್ಡ್‌ವೇರ್ ರಿಸೀವ್ ಎಂಬೆರಡು ಸಾಲುಗಳು ಬಂದರೆ ಗೇಟಿನಲ್ಲಿ ಮುದ್ರೆಯಿದೆ. ಸಾಫ್ಟ್‌ವೇರ್ ಎಂದಷ್ಟೇ ಬಂದರೆ ಮುದ್ರೆ ಇನ್ನೂ ಕಾರಕೂನರ ಮೇಜಿನ ಮೇಲೆಯೇ. ಇದಕ್ಕೆ ಬೇಕಾದ ಲಿನಕ್ಸ್‌ಪಿಟಿಪಿ ಎಂಬ ಸಾಫ್ಟ್‌ವೇರು ಬಿಟ್ಟಿಯಾಗಿ ಸಿಗುತ್ತದೆ. ಅದರಲ್ಲಿ ಜಾಲದಿಂದ ಕಾರ್ಡಿಗೆ ಹೊತ್ತು ತರುವುದು ಒಂದು ಭಾಗ, ಕಾರ್ಡಿನಿಂದ ಯಂತ್ರಕ್ಕೆ ಕೊಡುವುದು ಇನ್ನೊಂದು. ಎರಡನೆಯ ಭಾಗವನ್ನು ಹೊಂದಿಸುವಾಗ 37ನ್ನು ನೆನೆಸಿಕೊಳ್ಳತಕ್ಕದ್ದು.

ನಮ್ಮ ವಾಚನಾಲಯದ ಹಳೆಯ ಗಣಕಯಂತ್ರದಲ್ಲಿಯೂ ಈ ಆಜ್ಞೆ ಕೊಟ್ಟು ನೋಡಿದೆವು. ಸಾಫ್ಟ್‌ವೇರ್ ಎಂದಷ್ಟೇ ಬಂದಿತು. ಗೋಡೆಯ ಗಡಿಯಾರವಂತೂ ಏಳು ನಿಮಿಷ ಮುಂದಿದೆ. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಓದುಗರು ಎದ್ದೇಳಲೆಂದು ಅದನ್ನು ಬುದ್ಧಿಪೂರ್ವಕವಾಗಿ ಹಾಗಿಟ್ಟಿದ್ದಾರೆ, ಅದನ್ನು ಯಾರೂ ತಿದ್ದಬಾರದಾಗಿ ವಿನಂತಿ.